ಕಿತ್ತಿಟ್ಟ ಫ್ಯೂಸ್

ಜೋಳದ ಕಣಿಕೆಯ ಬಣವೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಸಿದ್ರಾಯನ ಕಾಲು ಜೋಮು ಹಿಡಿದಿತ್ತು. ಕಣ್ಣು ಮಾತ್ರ ಎದುರಿನ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಪೆಟ್ಟಿಗೆಯ ಮೇಲೆಯೇ ಇತ್ತು. ಇವತ್ತು ಆ ಕಿಡಿಗೇಡಿ ಸಿಗಲೇಬೇಕು. ಸಿಗದಿದ್ದರೆ ತನ್ನೂರು ಕಲ್ಲೋಳಿಯ ಋಣ ತೀರಿದಂತೆಯೇ.

ಬೆಳಗ್ಗೆ ಮೂಡಲಗಿಯ ವಿದ್ಯುತ್ ಆಫೀಸಿನಲ್ಲಿ ಮೇಲಧಿಕಾರಿ ಅಣ್ಣಾಸಾಹೇಬರು ಎಲ್ಲರೆದುರಿಗೇ ಅವನ ನೀರಿಳಿಸಿದ್ದರು.

"ಲೈನ್‌ಮನ್ ಇರೂ ಓಣ್ಯಾಗ ಮ್ಯಾಲಿಂದ ಮ್ಯಾಲ ಫ್ಯೂಸ್ ಕೀಳತಾರಂದ್ರ ನಿಂದೇನ ಕೆಲಸಪಾ? ನಾಳೆ ಹೆಸರ ತಗೊಂಡ ಬಾ. ಇಲ್ಲಾಂದ್ರ ಸಂಕೇಶ್ವರದ ಕಡೆ ವರ್ಗಾ ಮಾಡಸ್ತೇನಿ."

ಸಿದ್ರಾಯ ಮಾಡುವುದಾದರೂ ಏನು? ಮೂರು ಜನರ ಕೆಲಸ ಅವನೊಬ್ಬನ ಕೊರಳಿಗೆ ಬಿದ್ದಿತ್ತು. ಪಂಪ್‌ಸೆಟ್ಟಿಗೆ ಕರೆಂಟು ಬಿಡುವುದು ರಾತ್ರಿ. ಹಾಗಾಗಿ ರಾತ್ರಿಯೆಲ್ಲ ಹೊಲದ ಕಂಬಗಳೇ ಗತಿ. ಅವನು ಮನೆ ಸೇರುವಾಗ ಮಗಳು ಸೃಷ್ಟಿ ಶಾಲೆಗೆ ಹೋಗಿರುತ್ತಿದ್ದಳು. ಅವಳು ಬರುವಷ್ಟರಲ್ಲಿ ಇವನು ಮತ್ತೆ ಹೊರಟಿರುತ್ತಿದ್ದ. ರವಿವಾರ ಹಗಲಿಗೂ ಡ್ಯೂಟಿಯೇ. ಎರಡನೇ ತರಗತಿಯ ಮಗಳು ಎಷ್ಟು ಎತ್ತರವಾಗಿದ್ದಾಳೆಂದು ದಾರದ ಮೇಲೆ ಒಣಗುವ ಅವಳ ಲಂಗ ನೋಡಿ ತಿಳಿಯಬೇಕು.

ಓಣಿಯಲ್ಲಿ ಕರೆಂಟು ಹೋದ ಸಂಜೆ ಮಾತ್ರ, ಫೋನ್ ಬಂದೊಡನೆ ಬೈಕು ತಿರುಗಿಸಿ ಬರುತ್ತಿದ್ದ. ಫ್ಯೂಸ್ ಸುಟ್ಟಿರುತ್ತಿರಲಿಲ್ಲ. ಯಾರೋ ಜೋಪಾನವಾಗಿ ಕಿತ್ತು ಪೆಟ್ಟಿಗೆಯ ಕೆಳಗಿನ ಕಲ್ಲಿನ ಮೇಲೆ ಇಟ್ಟಿರುತ್ತಿದ್ದರು. ಅದನ್ನು ಹಾಕಿ, ಹೇಗೂ ಬಂದಾಗಿದೆ ಎಂದು ಮನೆ ಹೊಕ್ಕು ಹೆಂಡತಿ ಸರಿತಾ ಕೊಟ್ಟ ಚಹಾ ಕುಡಿಯುತ್ತಿದ್ದ. ಸೃಷ್ಟಿ ತೊಡೆಯೇರಿ ಶಾಲೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ಚಹಾ ಮುಗಿಯುವುದರೊಳಗೆ ಮತ್ತೆ ಫೋನು. ಸಂಕೇಶ್ವರಕ್ಕೆ ಹೋದರೆ ಅಷ್ಟೂ ಇಲ್ಲ.

ಇದು ಯಾರ ಕೆಲಸವೆಂದು ಅವನಿಗೆ ಖಾತ್ರಿಯಿತ್ತು. ಟ್ರಾನ್ಸ್‌ಫಾರ್ಮರಿನ ಪಕ್ಕದ ವೆಲ್ಡಿಂಗ್ ಅಂಗಡಿಯ ಮುತ್ತಪ್ಪ. ಹೋದ ವರ್ಷ ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದ್ದಿದ್ದ ಅವನನ್ನು ಹಿಡಿದು ದಂಡ ಹಾಕಿಸಿದ್ದು ಸಿದ್ರಾಯನೇ. ಅಂದಿನಿಂದ ಮುತ್ತಪ್ಪ ಎದುರಾದರೆ ಮುಖ ತಿರುಗಿಸುತ್ತಿದ್ದ. ಸೇಡು ತೀರಿಸಿಕೊಳ್ಳುತ್ತಿದ್ದಾನೆ, ಇನ್ನೇನು.

ಹೊತ್ತು ಮುಳುಗಿತು. ಅಂಗಡಿಯಲ್ಲಿ ಕಿಡಿ ಹಾರುವುದು ನಿಂತಿತು. ಮುತ್ತಪ್ಪ ಹೊರಬಂದು ಆಚೀಚೆ ನೋಡಿದ. ಕೈಗೆ ರಬ್ಬರ್ ಗವಸು ಏರಿಸಿ ಪೆಟ್ಟಿಗೆಯ ಬಾಗಿಲು ತೆಗೆದ. ಓಣಿಯೆಲ್ಲ ಕತ್ತಲಾಯಿತು.

ಸಿದ್ರಾಯ ಹಾರಿ ಬಂದು ಅವನ ಕೊರಳಪಟ್ಟಿ ಹಿಡಿದ.

"ಸಿಕ್ಕೀಯಲ್ಲೋ. ನಡಿ ಸಾಹೇಬರ ಹತ್ರ. ನನ್ನ ಹೆಂಡತಿ ಮಕ್ಕಳನ್ನ ಅಗಲಸಾಕ ನಿಂತೀಯೇನ?"

ಮುತ್ತಪ್ಪ ಕೊಸರಲಿಲ್ಲ. ಕೈಯಲ್ಲಿದ್ದ ಫ್ಯೂಸನ್ನು ಕಲ್ಲಿನ ಮೇಲೆ ಇಟ್ಟ.

"ನನ್ನ ಹೆಸರ ಬರಸು. ಇನ್ನೊಮ್ಮೆ ದಂಡ ಕಟ್ಟತೇನಿ. ಮಾತ ಬೆಳಸಬ್ಯಾಡ."

"ಯಾಕ ಕೀಳತಿ, ಅದನ್ನ ಹೇಳು. ಇದರಾಗ ನಿನ್ನ ಅಂಗಡೀನೂ ಬಂದ್ ಆಗ್ತೈತಲ್ಲ."

ಮುತ್ತಪ್ಪ ಸಿದ್ರಾಯನ ಮನೆಯ ಕಡೆಗೊಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿದ.

"ದೀಪಾವಳಿ ಮುಂದ ಒಂದಿನ ನಿನ್ನ ಮಗಳು ಈ ಕಲ್ಲ ಹತ್ತಿ, ಬರಿಗೈಲೆ ಇದರಾಗ ಕೈ ಹಾಕಾಕ ನಿಂತಿತ್ತು. ಓಡಿ ಬಂದು ಎಳಕೊಂಡ್ನಿ. ಅವತ್ತಿಂದ ಅದು ಬಂದು ಕೇಳಿದಾಗೊಮ್ಮೆ ನಾನ ಕೀಳತೇನಿ. ಕೀಳಲಿಲ್ಲಂದ್ರ ತಾನ ಕೀಳತೈತಿ."

ಸಿದ್ರಾಯನ ಕೈ ಸಡಿಲಾಯಿತು.

"ಯಾಕವ್ವಾ ಹಿಂಗ ಅಂತ ಕೇಳಿದ್ನಿ. ಕರೆಂಟ್ ಹ್ವಾದ್ರಷ್ಟ ಅಪ್ಪ ಮನಿಗೆ ಬರ್ತಾನ್ರಿ ಕಾಕಾ, ಅಂತು."