ಎರಡು ಡಬ್ಬಿ ಪ್ರೈಮರ್

ದೀಪದ ಹಿತ್ತಾಳೆ ತಿಕ್ಕುವಾಗಲೆಲ್ಲ ನನಗೆ ನಾವು ಪರದೇಶದಲ್ಲಿದ್ದಾಗಿನ ಗ್ರೀನ್‌ಫರ್ಡ್ ಮನೆಯ ಗ್ಯಾರೇಜು ನೆನಪಾಗುತ್ತದೆ.

ಅಪ್ಪ ರೈಫಲ್ ಕ್ಲಬ್ಬಿನ ಸದಸ್ಯರು. ಗುರಿಯಾಟಕ್ಕೆ ಬೇಕಾದ ಗುಂಡಿನ ತೋಟಾಗಳನ್ನು ಶನಿವಾರ ಮಧ್ಯಾಹ್ನ ತಾವೇ ತುಂಬುತ್ತಿದ್ದರು. ಖಾಲಿ ಹಿತ್ತಾಳೆ ಕೊಳವೆಗಳನ್ನು ತಿಕ್ಕಿ ಹೊಳಪು ತರುವುದು ನನ್ನ ಕೆಲಸ. ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಪ್ರೈಮರನ್ನು ಆರಿಸುವುದು ಮಾತ್ರ ಅವರದೇ. "ಇದು ಬದಲಾದ್ರ ಗುಂಡು ಬೀಳೋ ಜಾಗಾನೂ ಬದಲಾಗ್ತದ," ಎನ್ನುತ್ತ ವಾರಗಟ್ಟಲೆ ಗುರಿಯ ಲೆಕ್ಕ ಬರೆದಿಟ್ಟು ಹೋಲಿಸುತ್ತಿದ್ದರು.

ಆ ವರ್ಷ ಧಾರವಾಡದಲ್ಲಿ ಅವರ ತಮ್ಮ, ನಮ್ಮ ಕಾಕಾ, ತೀರಿಕೊಂಡ ಮೇಲೆ ಅಪ್ಪನ ಮಾತು ಕಡಿಮೆಯಾಗಿತ್ತು. ಒಂದು ಶನಿವಾರ ಎರಡು ಡಬ್ಬಿ ಪ್ರೈಮರ್ ಮುಂದಿಟ್ಟುಕೊಂಡು, ಯಾವುದನ್ನೂ ತೆರೆಯದೆ ಕೂತಿದ್ದರು.

"ಇವತ್ತು ಯಾವ್ದು ಅಪ್ಪಾ?"

"ಯಾವ್ದಾದ್ರೇನು ಮಗಳ. ಒಂದಿದ್ರ ಸಾಕು."

ಅಪ್ಪ ಹಾಗೆಂದದ್ದು ನನಗೆ ವಿಚಿತ್ರವೆನಿಸಿತು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದ ಅಮ್ಮ ಗ್ಯಾಸ್ ಆರಿಸಿ, ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿಕೊಂಡರು. ಮೆಲ್ಲನೆ ಇಂಗ್ಲಿಷಿನಲ್ಲಿ ಪೊಲೀಸರಿಗೆ ನಮ್ಮ ವಿಳಾಸ ಹೇಳಿ, ಗಂಡ ಜೀವಕ್ಕೆ ಏನಾದರೂ ಮಾಡಿಕೊಂಡಾರು, ರೈಫಲ್ ಒಯ್ಯಿರಿ ಎಂದರು. ಆಮೇಲೆ ಗ್ಯಾರೇಜಿಗೆ ಹೋಗಿ ಅಪ್ಪನ ಪಕ್ಕದಲ್ಲೇ ಕೂತುಬಿಟ್ಟರು.

ಇಬ್ಬರು ಪೊಲೀಸರು ಬಂದು ರೈಫಲ್, ಮದ್ದು, ಡಬ್ಬಿಗಳನ್ನೆಲ್ಲ ಒಯ್ದರು. ಅಪ್ಪ ಕಾಗದಕ್ಕೆ ಸಹಿ ಹಾಕಿ, ಸಿಂಕಿನಲ್ಲಿ ಬಹಳ ಹೊತ್ತು ಕೈ ತೊಳೆದರು. ಅಮ್ಮ ಟವೆಲ್ ಹಿಡಿದು ಕಾಯುತ್ತಿದ್ದರು.

"ಸಿಟ್ಟು ಬಂತೇನ್ರೀ?"

ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

"ಇಲ್ಲ," ಎಂದರು. "ಛಲೋ ಮಾಡಿದಿ."