ಗುಡ್ಡದ ಕೊನೆಯ ಜೀವ

ವಸಂತ ಮುಗಿಯುವುದರೊಳಗೆ ಒಂದಾದರೂ ಹುಳದ ಫೋಟೊ ಸಿಗದಿದ್ದರೆ ಅದು ಸತ್ತ ಗುಡ್ಡ. ಸತ್ತ ಗುಡ್ಡವನ್ನು ಯಾರು ಬೇಕಾದರೂ ಒಡೆಯಬಹುದು. ಹಾಗೆಂದು ಕಾನೂನು ಬಂದಮೇಲೆ ಊರವರ ಪರವಾಗಿ ಕ್ಯಾಮೆರಾ ಹಿಡಿದು ಗುಡ್ಡ ಹತ್ತುವವಳು ಹುಲಿಗೆಮ್ಮ.

ಈ ಸಲ ವಸಂತದ ಕೊನೆಯ ದಿನ ಬಂದರೂ ಬೇವಿನ ಹೂವಿಗೆ ಒಂದು ಜೇನಿಲ್ಲ, ಕಲ್ಲಿನಡಿ ಒಂದು ಇರುವೆಯಿಲ್ಲ. ಎಲ್ಲೆಲ್ಲೂ ಕ್ರಿಮಿನಾಶಕದ ಘಾಟು.

"ನಿನ್ನೆ ಯಾರೋ ಎಣ್ಣಿ ಹೊಡದಾರ," ಎಂದ ಕಲ್ಲು ಕ್ವಾರಿಯ ಮ್ಯಾನೇಜರ್ ಧರಣೇಂದ್ರ, ನಗು ನುಂಗಿಕೊಂಡು. "ಹೊತ್ತು ಮುಳುಗಾಕತ್ತೈತಿ, ನಡಿಯವ್ವ."

ಹುಲಿಗೆಮ್ಮ ಏಳಲಿಲ್ಲ. ಬಂಡೆಯ ಸಂದಿನಲ್ಲಿ ನಿಂತ ನೀರಿನ ಪಕ್ಕ, ಬೆವರಿದ ಎಡಗೈ ಚಾಚಿ ಕೂತಳು. ತುಸು ಹೊತ್ತಿಗೆ ಗುಂಯ್ ಎಂದಿತು. ಸೊಳ್ಳೆಯೊಂದು ಬಂದು ತೋಳಿಗೆ ಸೂಜಿ ಚುಚ್ಚಿತು.

"ತಡಿ, ಸೊಳ್ಳಿ ಕೂತೈತಿ!" ಧರಣೇಂದ್ರ ಅಂಗೈ ಎತ್ತಿದ.

"ಹೊಡಿ ನೋಡೂಣು," ಎಂದಳು ತೋಳು ಅಲುಗಿಸದೆ, ಬಲಗೈಯಲ್ಲಿ ಕ್ಯಾಮೆರಾ ಹಿಡಿದು. "ನಿನ್ನ ಕೈನೂ ಫೋಟೊದಾಗ ಬೀಳ್ತೈತಿ."

ಎತ್ತಿದ ಕೈ ಅಲ್ಲೇ ನಿಂತಿತು. ಕ್ಯಾಮೆರಾ ಕ್ಲಿಕ್ ಎಂದಿತು.

ಫೋಟೊ ಸಿಕ್ಕಮೇಲೂ ಹುಲಿಗೆಮ್ಮ ಸೊಳ್ಳೆಯನ್ನು ಓಡಿಸಲಿಲ್ಲ. ಅದರ ಹೊಟ್ಟೆ ಕೆಂಪಗೆ ಉಬ್ಬುತ್ತಿತ್ತು.

"ಕುಡಿಯವ್ವ, ಹೊಟ್ಟಿ ತುಂಬ ಕುಡಿ," ಎಂದಳು ಮ್ಯಾನೇಜರನ ಮುಖವನ್ನೇ ನೋಡುತ್ತ. "ಮುಂದಿನ ವರ್ಷಕ್ಕ ಮಕ್ಕಳು ಮರಿ ಬೇಕಲ್ಲ."