ದಿನಕ್ಕೊಂದು ಉಪವಾಸ

ಮಗಳ ಚೆಸ್ ಪಂದ್ಯಕ್ಕೆಂದು ಬಳೆ ಅಡವಿಟ್ಟು ಅಮ್ಮ ಪರದೇಶಕ್ಕೆ ಬಂದಿದ್ದಳು. ಊರಿನಿಂದ ತಂದ ಅವಲಕ್ಕಿ ಮುಗಿದುಹೋಗಿತ್ತು. ಉಳಿದ ದುಡ್ಡಿನಲ್ಲಿ ದಿನಕ್ಕೆ ಒಬ್ಬರ ಊಟವಷ್ಟೇ ಆಗುತ್ತಿತ್ತು.

ಹೋಟೆಲಿನಲ್ಲಿ ಒಂದೇ ತಟ್ಟೆ ಅನ್ನ ಬಂತು.

“ನಿಂಗೆ?” ಇಂಚರ ಕೇಳಿದಳು.

“ಗುರುವಾರ ಅಲ್ವೇನೇ? ರಾಯರ ಉಪವಾಸ.”

“ನಿನ್ನೆ?”

“ನಿನ್ನೆ ವಿಠಲಂದು. ತಿನ್ನು, ಆರಿಹೋಗುತ್ತೆ.”

“ಊರಲ್ಲಿ ಇಷ್ಟೊಂದು ಉಪವಾಸ ಇರ್ಲಿಲ್ಲಪ್ಪ!”

“ಪರದೇಶದಲ್ಲಿ ದೇವರ ನೆನಪು ಜಾಸ್ತಿ ಕಣೆ.”

ಮಧ್ಯಾಹ್ನದ ಆಟದಲ್ಲಿ ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಅಮ್ಮನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಹೊರಗೆ ಗೋಡೆ ಹಿಡಿದು ನಿಂತು, ಮಗಳು ಗೆದ್ದರೆ ಸಾಕೆಂದು ಇದ್ದಬದ್ದ ದೇವರಿಗೆಲ್ಲ ಮೊರೆಯಿಟ್ಟಳು.

ಇಂಚರ ಹೊರಬಂದು, “ಸೋತೆ” ಎಂದಳು.

ಅಷ್ಟರಲ್ಲಿ ಫೋನು ಬಂತು. ಊರಿನಲ್ಲೇ ಕೂತು ಆಟ ನೋಡುತ್ತಿದ್ದ ಚೆಸ್ ಮೇಷ್ಟ್ರು ಕೂಗಾಡಿದರು: “ಗೆಲ್ಲೋ ಆಟ ಕಣಮ್ಮ ಅದು! ಬೇಕಂತ್ಲೇ ರಾಣೀನ ಬಿಟ್ಕೊಟ್ಟಿದಾಳೆ!”

ಅಮ್ಮ ಮಗಳ ಭುಜ ಹಿಡಿದು ಅಲ್ಲಾಡಿಸಿದಳು. “ಯಾಕೇ ಹೀಗ್ಮಾಡ್ದೆ? ಯಾಕೆ?”

“ಗೆದ್ದಿದ್ರೆ ಇನ್ನೂ ಒಂದು ವಾರ ಇಲ್ಲೇ ಇರ್ಬೇಕಿತ್ತು. ನೀನು ಊಟ ಮಾಡ್ತಿರ್ಲಿಲ್ಲ.”